ನಮ್ಮ ಹಿತ್ತಲಿಗೆ ವರ್ಗವಾಗಿ ಬಂದ ಅಪಾಯದ ಫಲಕಕ್ಕೆ

ಮಾನ್ಯ ಫಲಕದವರೇ,

ಕಡಲ ಬದಿಯ ಕೊನೆಯ ಬೀದಿಯ ಕೊನೆಯ ಬೇಕರಿಯಿಂದ, ಅದರ ಏಕೈಕ ಸೊಸೆ ಮಾಡುವ ಅನಂತ ನಮಸ್ಕಾರಗಳು. ಈ ಕೊರೆಯುವ ಚಳಿಯಲ್ಲಿ, ಉಪ್ಪುಗಾಳಿಗೆ ಬೆನ್ನೊಡ್ಡಿ ತಾವು ಕ್ಷೇಮವಾಗಿ ನಿಂತಿರುವುದನ್ನು ನಾನು ಅಡುಗೆಮನೆಯ ಕಿಟಕಿಯಿಂದ ದಿನವೂ ನೋಡುತ್ತಿರುವುದರಿಂದ ಕುಶಲ ವಿಚಾರಿಸುವ ಅಗತ್ಯ ಕಾಣಲಿಲ್ಲ. ತಾವಂತೂ ನಮ್ಮ ಕುಶಲ ವಿಚಾರಿಸುವವರಲ್ಲ, ತಮ್ಮ ಮೈಮೇಲೆ ಬರೆದಿರುವುದು ಒಂದೇ ಮಾತು: "ಅಪಾಯ! ಇಲ್ಲಿಂದ ಮುಂದಕ್ಕೆ ಯಾರೂ ಹೋಗಕೂಡದು. ಅಪ್ಪಣೆಯ ಮೇರೆಗೆ."

ಮೊದಲು ತಮ್ಮ ಸೇವೆಯನ್ನು ಕೊಂಡಾಡದೆ ದೂರಿಗೆ ಇಳಿದರೆ ಬಾಯಿಗೆ ಹುಳ ಬಿದ್ದೀತು. ನಾನು ಮದುವೆಯಾಗಿ ಈ ಮನೆಗೆ ಬಂದಾಗ ತಾವು ದೂರದ ಮರಳಿನ ಮೇಲೆ, ಜನ ಸಂಜೆ ಕೂರುತ್ತಿದ್ದ ಕಲ್ಲುಬೆಂಚಿನ ಪಕ್ಕದಲ್ಲಿದ್ದಿರಿ. ಬೆಂಚು ನೀರುಪಾಲಾಯಿತು, ತಾವು ಅದಕ್ಕೆ ಮೊದಲೇ ಹಿಂದೆ ಸರಿದು ದೋಣಿ ರಿಪೇರಿಯ ಶೆಡ್ಡಿನ ಮುಂದೆ ಹಾಜರಿದ್ದಿರಿ. ಶೆಡ್ಡೂ ಹೋಯಿತು, ತಾವು ನಮ್ಮ ಹಿತ್ತಲಾಚೆಯ ರಸ್ತೆಯ ಅಂಚಿಗೆ ಬಂದಿರಿ. ಆಮೇಲೆ ರಸ್ತೆಯೇ ಹೋಯಿತು. ಆ ರಸ್ತೆಗೆ ನಮ್ಮ ಹಿತ್ತಲ ಮೆಟ್ಟಿಲು ಒಂದು ಗೇಣು ಚಾಚಿಕೊಂಡಿದೆ, ಇದು ಒತ್ತುವರಿ ಎಂದು ಪುರಸಭೆಯವರು ಹಿಂದೆ ನಮಗೆ ನೋಟಿಸು ಕೊಟ್ಟಿದ್ದರು. ಇಡೀ ರಸ್ತೆಯನ್ನೇ ಒತ್ತುವರಿ ಮಾಡಿದವರಿಗೆ ಯಾರು ನೋಟಿಸು ಕೊಟ್ಟರೋ ತಿಳಿಯದು. ಹೀಗೆ ಚಳಿಗಾಲದಿಂದ ಚಳಿಗಾಲಕ್ಕೆ ಹಿಂದೆ ಸರಿಯುತ್ತಾ, ಒಮ್ಮೆಯೂ ಕಾಲು ಒದ್ದೆ ಮಾಡಿಕೊಳ್ಳದೆ, ಕಡಲನ್ನು ಒಂದು ಗೇಣೂ ತಡೆಯದೆ ನೌಕರಿ ಉಳಿಸಿಕೊಂಡ ತಮ್ಮ ಜಾಣ್ಮೆಗೆ ತಲೆಬಾಗುತ್ತೇನೆ. ಇನ್ನು ತಮ್ಮ ಮೈಕಟ್ಟಿಗೆ ದೃಷ್ಟಿ ತಾಗಬೇಕು: ಬಲಿತ, ಚೆನ್ನಾಗಿ ಒಣಗಿದ ಮರ, ಮೇಲೆ ವರ್ಷವರ್ಷವೂ ಹೊಸ ಬಣ್ಣ. ನಮ್ಮ ಬೀದಿಯಲ್ಲಿ ಪುರಸಭೆ ಕಾಳಜಿಯಿಂದ ನೋಡಿಕೊಳ್ಳುವ ವಸ್ತು ತಾವೊಬ್ಬರೇ.

ಈ ಚಳಿಗಾಲ ತಾವು ನಮ್ಮ ಹಿತ್ತಲಿಗೇ ವರ್ಗವಾಗಿ ಬಂದಿರಿ. ಬಂದದ್ದು ಸಂತೋಷ, ನಿಂತ ಜಾಗದ ಬಗ್ಗೆಯೇ ನನ್ನ ಅಹವಾಲು. ತಮ್ಮ ಈಚೆಗೆ ನಮ್ಮ ಭಟ್ಟಿ, ಆಚೆಗೆ ನಮ್ಮ ಸೌದೆ ಕೊಟ್ಟಿಗೆ. ಅಂದರೆ ಬ್ರೆಡ್ಡು ಬೇಯಿಸಲು ಅಪ್ಪಣೆಯಿದೆ, ಸೌದೆ ತರಲು ಇಲ್ಲ. ಈ ಇಟ್ಟಿಗೆಯ ಭಟ್ಟಿಯನ್ನು ನನ್ನ ಅತ್ತೆ ಮಾವ ಸೇರಿ ಕೈಯಾರೆ ಕಟ್ಟಿದ್ದು; ಮಾವ ಈಗಿಲ್ಲ. ಬೇಸಿಗೆಯಲ್ಲಿ ಅದು ತಣ್ಣಗೆ ಕೂತರೂ ಚಿಂತೆಯಿಲ್ಲ, ಆದರೆ ಚಳಿಗಾಲದಲ್ಲಿ ಒಮ್ಮೆ ಆರಿತೋ, ಕಡಲ ಥಂಡಿಯನ್ನೆಲ್ಲ ಇಟ್ಟಿಗೆ ಕುಡಿದು, ಮತ್ತೆ ಉರಿ ಹಾಕಿದ ದಿನ ಬಿರುಕು ಬಿಟ್ಟುಬಿಡುತ್ತದೆ. ಕಿಟಕಿ ಗಾಜಿಗೆ ಉಪ್ಪು ಕಟ್ಟಿ ಹಗಲೂ ಮಬ್ಬಾಗಿರುವ, ಒಗೆದ ಬಟ್ಟೆ ವಾರವಾದರೂ ಒಣಗದ, ಬೆಂಕಿಪೊಟ್ಟಣವನ್ನು ಜೇಬಿನಲ್ಲಿಟ್ಟು ಕಾವು ಕೊಟ್ಟು ಸಾಕಬೇಕಾದ ಈ ಬೀದಿಯಲ್ಲಿ ಬೆಚ್ಚಗಿರುವ ಗೋಡೆ ನಮ್ಮ ಭಟ್ಟಿಯದೊಂದೇ. ನಿವೃತ್ತ ಮೇಷ್ಟ್ರು ಬನ್ನು ಕೊಳ್ಳುವ ನೆಪದಲ್ಲಿ ಬೆಳಿಗ್ಗೆ ಬಂದು ಅದಕ್ಕೆ ಬೆನ್ನು ಕೊಟ್ಟು ನಿಂತರೆ, ಅವರಿಗೆ ಬನ್ನಿನ ನೆನಪಾಗುವುದು ಮಧ್ಯಾಹ್ನಕ್ಕೆ.

ತಮ್ಮನ್ನು ನೆಡಿಸಲು ಬಂದ ಇಂಜಿನಿಯರ್ ಸಾಹೇಬರೂ ಅದೇ ಗೋಡೆಗೆ ಒರಗಿ, ಬಿಸಿ ಬನ್ನು ಮುಗಿಸಿ, "ತಡೆಗೋಡೆ ಪ್ರಸ್ತಾವನೆಯಲ್ಲಿದೆ ಅಮ್ಮ, ಗಾಬರಿ ಬೇಡ" ಎಂದರು. "ಪ್ರಸ್ತಾವನೆ ಎಷ್ಟು ಎತ್ತರ ಇದೆಯಪ್ಪಾ? ಅಲೆ ದಾಟಲ್ಲ ತಾನೆ?" ಎಂದು ಅತ್ತೆ ಕೇಳಿದ್ದಕ್ಕೆ ಸಾಹೇಬರು ಮಫ್ಲರ್ ಸರಿಮಾಡಿಕೊಂಡರು. ಸೌದೆಗೆ ಏನು ಮಾಡಲಿ ಎಂದು ನಾನು ಕೇಳಿದೆ. ಫಲಕ ದಾಟಿದರೆ ಕೇಸು ಬೀಳುತ್ತದೆ, ಕೊಟ್ಟಿಗೆ ಖಾಲಿ ಮಾಡಲು ಅರ್ಜಿ ಕೊಡಿ ಎಂದು ಹೇಳಿ, ಇನ್ನೊಂದು ಬನ್ನು ಕಟ್ಟಿಸಿಕೊಂಡು ಹೋದರು. ಅರ್ಜಿ ಕೊಟ್ಟೆವು. ಅದಕ್ಕೆ ಉತ್ತರ ಬರುವ ಮೊದಲು ಕಡಲೇ ಬಂತು.

ಮೊನ್ನೆ ಬೆಳಗಿನ ಉಬ್ಬರಕ್ಕೆ ಕೊಟ್ಟಿಗೆ ನಮ್ಮ ಕಣ್ಣೆದುರೇ ವಾಲಿ, ಸೌದೆ ಸಮೇತ ಕೆಳಗಿಳಿಯಿತು. ಒಂದಿಷ್ಟಾದರೂ ಎಳೆದು ತರೋಣವೆಂದು ಓಡಿದ ನಮ್ಮವರು ತಮ್ಮನ್ನು ಕಂಡು ನಿಂತುಬಿಟ್ಟರು. ಕಾನೂನಿಗೆ ಹೆದರುವ ಜೀವ. ಕಡಲು ಮಾತ್ರ ಏನನ್ನೂ ಓದದೆ ಒಳಗೆ ಬಂತು. ಅದನ್ನಾದರೂ ಹೇಗೆ ದೂರಲಿ? ತಾವು ಮುಖ ಮಾಡಿರುವುದು ನಮ್ಮ ಕಡೆಗೆ, ಬೆನ್ನು ತೋರಿಸಿರುವುದು ಕಡಲಿಗೆ. ತೇಲಿಹೋಗುತ್ತಿದ್ದ ಸೌದೆ ನೋಡಿ ಅತ್ತೆ ಸದ್ದಿಲ್ಲದೆ ಅಳುತ್ತಿದ್ದಾಗ, ತಮ್ಮನ್ನು ಬುಡಸಮೇತ ಕೀಳುವಷ್ಟು ಸಿಟ್ಟು ನನಗೆ ಬಂದಿತ್ತೆಂಬುದನ್ನು ಮುಚ್ಚಿಡುವುದಿಲ್ಲ.

ಆದ್ದರಿಂದ ಸವಿನಯ ಕೋರಿಕೆ: ದಯಮಾಡಿ ಒಮ್ಮೆ ಆ ಕಡೆ ತಿರುಗಿ ನಿಲ್ಲಿ. ಕಡಲಿಗೆ ಅಕ್ಷರ ಬಾರದಿದ್ದರೆ ಕಲಿಸಲು ಮೇಷ್ಟ್ರು ಸಿದ್ಧರಿದ್ದಾರೆ, ಹೇಗೂ ಬಿಡುವಾಗಿದ್ದಾರೆ. ಅದಾಗದಿದ್ದರೆ ಉಬ್ಬರಕ್ಕೆ ಕಚೇರಿ ವೇಳೆ ಗೊತ್ತುಮಾಡಿ, ಭಾನುವಾರ ರಜೆ ಕೊಡಿಸಿ. ಅದೂ ಆಗದಿದ್ದರೆ ಮುಂದಿನ ವರ್ಗಾವಣೆಯಲ್ಲಿ ನಮ್ಮ ಮನೆಯನ್ನು ಬಿಟ್ಟು ನೇರವಾಗಿ ಪುರಸಭೆಯ ಸಭಾಂಗಣಕ್ಕೇ ಹೋಗಿ. ಗುಂಡಿ ತೋಡಲು ನಮ್ಮವರನ್ನು ಕಳಿಸಿಕೊಡುತ್ತೇನೆ.

ಹೊಸ ಸೌದೆಯ ಗಾಡಿ ಬರುವುದು ನಾಳೆಯಂತೆ. ಮುರುಕು ಸ್ಟೂಲು, ಹಿಟ್ಟು ನಾದುವ ಹಳೆ ಹಲಗೆ, ಹಿತ್ತಲ ಬಾಗಿಲು ಎಲ್ಲವನ್ನೂ ಉರಿಸಿಯಾಯಿತು. ಭಟ್ಟಿಯಲ್ಲಿ ಈಗ ಉಳಿದಿರುವುದು ಕೆಂಡ ಮಾತ್ರ. ಇವತ್ತೊಂದು ದಿನ ಬೆಂಕಿ ಉಳಿಸಿಕೊಳ್ಳುವುದು ಹೇಗೆಂದು ಮೂವರೂ ಅದರ ಮುಂದೆ ಕೂತಿದ್ದೇವೆ.

ತಮ್ಮ ಮುಖಕ್ಕೂ ಬೆನ್ನಿಗೂ ಸಮಾನವಾಗಿ,
ತಮ್ಮ ವಿಶ್ವಾಸಿ,
ಬೇಕರಿಯ ಸೊಸೆ

ತಾ.ಕ.: ಈ ಪತ್ರ ಮಡಚುವಾಗ ಅತ್ತೆ ಕಿಟಕಿಯಿಂದ ತಮ್ಮನ್ನೇ ಬಹಳ ಹೊತ್ತು ನೋಡುತ್ತಿದ್ದರು. ಬರಹ ಓದುತ್ತಿದ್ದಾರೆಂದುಕೊಂಡೆ, ಅವರು ಮರ ನೋಡುತ್ತಿದ್ದರಂತೆ. ಕಾನೂನಿಗೆ ಹೆದರುವ ನಮ್ಮವರ ಕೈಯಲ್ಲಿ ಈಗ ಕೊಡಲಿಯಿದೆ. "ಮೊದಲು ಬಣ್ಣ ಪೂರ್ತಿ ಕೆರೆದುಹಾಕೋ, ಬ್ರೆಡ್ಡಿಗೆ ವಾಸನೆ ಹಿಡಿಯುತ್ತೆ" ಎಂದು ಅತ್ತೆ ಕೂಗುತ್ತಿದ್ದಾರೆ. ಪತ್ರದ ಒಂದು ಪ್ರತಿಯನ್ನು ಅಂಗಡಿಯ ಬಾಗಿಲಿಗೆ ಅಂಟಿಸಿದ್ದೇನೆ, ಇನ್ನೊಂದನ್ನು ತಮ್ಮ ಜೊತೆಗೇ ಒಳಗೆ ಹಾಕುತ್ತೇನೆ. ಇಂಜಿನಿಯರ್ ಸಾಹೇಬರು ಬಂದು ಕೇಳಿದರೆ, ಫಲಕದವರು ಎಂದಿನಂತೆ ಇನ್ನಷ್ಟು ಹಿಂದೆ ಸರಿದಿದ್ದಾರೆ, ಈ ಸಲ ಭಟ್ಟಿಯವರೆಗೆ ಬಂದರು ಎಂದು ಹೇಳುತ್ತೇವೆ.