ಮುಚ್ಚಳಕ್ಕೆ ನಾಲ್ಕು ತೂತು

ಮೂವತ್ತನಾಲ್ಕು ವರ್ಷ ಮಕ್ಕಳ ಹಾಜರಿ ಕರೆದವನಿಗೆ ದನಗಳ ಮೈಗೆ ಅಂಟಿ ರಕ್ತ ಹೀರುವ ಉಣುಗುಗಳ ಹಾಜರಿ ಯಾವ ಮಹಾ! ಬೆಟ್ಟದ ಕಾಡಿನಲ್ಲಿ ಯಾವ ಜಾತಿಯ ಉಣುಗು ಯಾವ ತಿಂಗಳಲ್ಲಿ ಓಡಾಡುತ್ತದೆಂದು ವರ್ಷವಿಡೀ ಬರೆದಿಟ್ಟು ವಿಜ್ಞಾನವನ್ನು ಉದ್ಧಾರ ಮಾಡುವುದೆಂದು ಸಂಕಲ್ಪಿಸಿದೆ. ಉಣುಗುಗಳ ಮೇಲೆ ಸಂಶೋಧನೆ ನಡೆಸುವ ತಂಗಿಯ ಮಗಳು ಸ್ಪಿರಿಟ್ ತುಂಬಿದ ಸೀಸೆ ಕೊಟ್ಟು ಹೇಳಿದಳು: "ಮಾವ, ಮಳೆ ನಿಂತಿದೆ, ಈಗ ಮರಿಗಳ ಕಾಲ. ಬಿಳಿ ಬಟ್ಟೇನ ಹುಲ್ಲಿನ ಮೇಲೆ ಎಳೀರಿ. ಅಂಟಿಕೊಂಡಿದ್ದನ್ನ ಇದರಲ್ಲಿ ಹಾಕಿ."

ಎಳೆದೆ. ಸೊಂಟ ಹಿಡಿಯಿತು. ಇಪ್ಪತ್ತಮೂರು ಸಿಕ್ಕವು. ಒಂದೊಂದೂ ಎಳ್ಳಿಗಿಂತ ಚಿಕ್ಕದು. ಮುಳುಗಿಸಲು ಮನಸ್ಸು ಬರಲಿಲ್ಲ. ತರಗತಿಯಲ್ಲಿ ಕಂಬಳಿಹುಳು ಸಾಕಿಸುತ್ತಿದ್ದ ಅಭ್ಯಾಸ ನೋಡಿ! ಖಾಲಿ ಡಬ್ಬಿಗೆ ಹಾಕಿ, ಪಾಪ ಉಸಿರಾಡಲಿ ಎಂದು ಮುಚ್ಚಳಕ್ಕೆ ಮೊಳೆಯಿಂದ ನಾಲ್ಕು ತೂತು ಹೊಡೆದೆ. ಡಬ್ಬಿಯನ್ನು ಮಂಚದ ಮೇಲೆ, ಹೆಂಡತಿಯ ಬ್ಯಾಗಿನ ಪಕ್ಕದಲ್ಲಿ ಇಟ್ಟೆ. ಮೂರು ವರ್ಷಗಳ ಮೇಲೆ ಅವಳು ಅಕ್ಕನ ಮನೆಗೆ ಹೊರಟಿದ್ದಳು, ಮರುದಿನ ಹತ್ತರ ಬಸ್ಸಿಗೆ.

ಬೆಳಿಗ್ಗೆ ಡಬ್ಬಿ ಖಾಲಿ!

"ಏನ್ರೀ ಇದು, ನನ್ನ ಸೀರೆ ಮೇಲೆ ಎಳ್ಳು ನಡೀತಿದೆ?"

"ಎಳ್ಳಲ್ಲ ಕಣೇ... ಉಣುಗು."

"ಅಯ್ಯೋ! ಅಕ್ಕನ ಮನೇಲಿ ಎಳೆಮಗು ಇದೆ. ನನ್ನ ಬಟ್ಟೇಲಿ ಒಂದೇ ಒಂದು ಉಳಿದಿದ್ರೂ ನಾನು ಹೋಗೋದಿಲ್ಲ!"

ಬ್ಯಾಗು ಬರಿದಾಯಿತು. ಅಕ್ಕಿಯಲ್ಲಿ ಕಲ್ಲು ಆರಿಸುವವಳಂತೆ ಅವಳು ಮಡಿಕೆ ಮಡಿಕೆಯಲ್ಲೂ ಹುಡುಕಿ, ಅಂಟುಪಟ್ಟಿಯಿಂದ ಎತ್ತಿದಳು. ಆಮೇಲೆ ಹನ್ನೊಂದು ಸೀರೆಗಳೂ ಕುದಿನೀರಿಗೆ ಬಿದ್ದವು. ಹಿಂಡುವ ಕೆಲಸ ನನ್ನದು. ಹತ್ತರ ಬಸ್ಸು ಹೋಯಿತು. ನನ್ನ ಸೊಂಟವೂ ಹೋಯಿತು.

ಮಧ್ಯಾಹ್ನ ಸೋದರಸೊಸೆ ಬಂದು ಅಂಟುಪಟ್ಟಿಗಳ ಮೇಲೆ ಭೂತಗನ್ನಡಿ ಹಿಡಿದಳು.

"ಇಪ್ಪತ್ತೆರಡು ಇವೆ. ಅತ್ತೇನೇ ಹಿಡಿದ್ರಾ ಇಷ್ಟನ್ನೂ?"

"ನಾನೂ ಮೂರು ಹಿಡಿದೆನಮ್ಮ" ಎಂದೆ ಹೆಮ್ಮೆಯಿಂದ.

"ಮಾವ, ನಿಮ್ಮದರಲ್ಲಿ ಎರಡು ದಾರದ ಗಂಟು. ಇನ್ನೊಂದು ಕಾಫಿಪುಡಿ." ಅತ್ತೆಯ ಕಡೆ ತಿರುಗಿದಳು. "ಅತ್ತೆ, ಮುಂದಿನ ತಿಂಗಳಿಂದ ಕಾಡಿಗೆ ನೀವೇ ಬನ್ನಿ."

"ಬರ್ತೀನಿ. ಮೊದಲು ಅಕ್ಕನ ಮುಖ ನೋಡ್ಕೊಂಡು ಬರ್ತೀನಿ."

ಸಂಜೆ ಐದರ ಬಸ್ಸಿಗೆ, ಬಿಸಿಲಲ್ಲಿ ಗರಿಗರಿಯಾಗಿ ಒಣಗಿದ ಸೀರೆ ಉಟ್ಟು ಹೊರಟೇಬಿಟ್ಟಳು. ಗೇಟಿನವರೆಗೆ ಕುಂಟುತ್ತಾ ಓಡಿದೆ.

"ಅಲ್ವೇ, ಇಪ್ಪತ್ತಮೂರರಲ್ಲಿ ಒಂದು ಇನ್ನೂ ಮನೇಲೇ ಇದೆಯಲ್ಲೇ!"

"ಇರಲಿ ಬಿಡಿ" ಎಂದಳು. "ಒಂದು ವಾರ ನಾನಿರಲ್ಲ. ನಿಮಗೂ ಜೊತೆಗೆ ಒಬ್ಬರು ಬೇಕಲ್ಲ!"