ಬಟಾಣಿ ಮೂಳೆ

ಇಷ್ಟಕ್ಕೆಲ್ಲ ಕಾರಣ ಒಂದು ಡಬ್ಬಿಯ ಮುಚ್ಚಳ. ಪರೀಕ್ಷೆಯ ದಿನ ಬೆಳಿಗ್ಗೆ ನಮ್ಮ ಡಾಕ್ಟ್ರು ಊಟದ ಮೇಜಿನ ಮೇಲೆ ಮೂಳೆಗಳನ್ನು ಹರಡಿಕೊಂಡು, ಕಣ್ಣು ಮುಚ್ಚಿ ಒಂದೊಂದನ್ನೇ ಸವರುತ್ತ ಹೆಸರು ಒಪ್ಪಿಸುತ್ತಿದ್ದ. ಮಣಿಕಟ್ಟಿನ ಮೂಳೆಗಳಲ್ಲಿ ಎಲ್ಲಕ್ಕಿಂತ ಚಿಕ್ಕದು ಬಟಾಣಿ ಮೂಳೆ. ಹೆಸರಿಗೆ ತಕ್ಕ ಗಾತ್ರ. ಅದು ಉರುಳಿ ಬೀಳದಿರಲೆಂದು ಕೈಗೆ ಸಿಕ್ಕ ಮುಚ್ಚಳದೊಳಗೆ ಹಾಕಿಟ್ಟು ಸ್ನಾನಕ್ಕೆ ಹೋದ. ಅಜ್ಜಿ ದಿನಾ ತಾತನ ರಕ್ತದೊತ್ತಡದ ಮಾತ್ರೆ ಇಡುವುದು ಅದೇ ಮುಚ್ಚಳದಲ್ಲಿ ಎಂಬುದು ಅವನಿಗೆ ಹೊಳೆಯಲೇ ಇಲ್ಲ.

ಡಾಕ್ಟ್ರು ಅಂದರೆ ನಿಜವಾದ ಡಾಕ್ಟರಲ್ಲ. ಮೆಡಿಕಲ್ ಕಾಲೇಜು ಸೇರಿ ಕೆಲವೇ ತಿಂಗಳಾಗಿತ್ತು. ಸೀಟು ಸಿಕ್ಕ ದಿನದಿಂದ ಬೀದಿಯವರೆಲ್ಲ ಹಾಗೆ ಕರೆಯತೊಡಗಿದ್ದರು. ಮೊದಲ ವರ್ಷ ಅಂದರೆ ಬಿಳಿ ಕೋಟು, ಕುತ್ತಿಗೆಗೆ ಸ್ಟೆತಾಸ್ಕೋಪು ಎಂದು ಅವನೂ ಕನಸು ಕಂಡಿದ್ದ. ಸಿಕ್ಕಿದ್ದು ಕೈ ತೊಳೆದರೂ ಬಿಡದ, ಹೆಣ ಕೆಡದಂತಿಡುವ ಫಾರ್ಮಲಿನ್ ವಾಸನೆ, ತಲೆದಿಂಬಿನಷ್ಟು ದಪ್ಪದ ಪುಸ್ತಕ ಮತ್ತು ಕಾಲೇಜಿನವರು ಓದಲು ಕೊಟ್ಟ ಒಂದು ಪೆಟ್ಟಿಗೆ ಮೂಳೆ. ಕಲಿತದ್ದು ಭುಜದಿಂದ ಬೆರಳ ತುದಿಯವರೆಗೆ ಮಾತ್ರ. ಎದುರು ಮನೆಯ ಟೈಲರು ಬೆನ್ನುನೋವೆಂದು ಬಂದಾಗ, "ಬೆನ್ನು ಇನ್ನೂ ಆಗಿಲ್ಲ ಅಂಕಲ್. ಮೊಣಕೈ ಏನಾದ್ರೂ ನೋಯ್ತಿದ್ರೆ ಹೇಳಿ" ಎಂದು ಸಾಗಹಾಕಿದ್ದ.

ಅಂದಿನ ಪರೀಕ್ಷೆ ಅನಾಟಮಿ ಮೇಡಮ್ಮಿನದು. ಹುಡುಗರ ಬಾಯಲ್ಲಿ ಅವರು ಚೀಲದಮ್ಮ. ವಿದ್ಯಾರ್ಥಿಯ ಪೆಟ್ಟಿಗೆಯಿಂದಲೇ ಒಂದು ಮೂಳೆ ತೆಗೆದು ಬಟ್ಟೆಯ ಚೀಲಕ್ಕೆ ಹಾಕುತ್ತಾರೆ. ನೋಡದೆ ಒಳಗೆ ಕೈ ಹಾಕಿ ಸವರಿ ಅದೇನೆಂದು ಹೇಳಬೇಕು. ಪೆಟ್ಟಿಗೆಯಲ್ಲಿ ಒಂದು ಮೂಳೆ ಕಡಿಮೆಯಿದ್ದರೂ ಒಳಗೇ ಬಿಡುವುದಿಲ್ಲ. ಹಾಗೆ ಹೊರಗುಳಿದವನು ಮುಂದಿನ ವರ್ಷ ಹೊಸಬರ ಜೊತೆ ಮತ್ತೆ ಮೊದಲಿನಿಂದ ಕೂರಬೇಕು.

ಸ್ನಾನ ಮುಗಿಸಿ ಬಂದರೆ ಮುಚ್ಚಳ ಖಾಲಿ. ತಾತ ಬಾಯಿ ಒರೆಸಿಕೊಳ್ಳುತ್ತ ಕೂತಿದ್ದರು.

"ಇವತ್ತಿನ ಮಾತ್ರೆ ಕಹಿನೇ ಇರಲಿಲ್ಲ ಕಣೋ. ಕಂಪನಿ ಬದಲಾಯಿಸಿದ್ರಾ?"

ಅಜ್ಜಿ ಮಾತ್ರೆಯ ಹಾಳೆ ತಂದು ನೋಡಿದರು. ಅಂದಿನ ಮಾತ್ರೆ ಅದರಲ್ಲೇ ಭದ್ರವಾಗಿತ್ತು. ಮುಚ್ಚಳದಲ್ಲಿ ಬೆಳ್ಳಗೆ ಏನೋ ಕಂಡದ್ದರಿಂದ ಸೊಸೆ ಆಗಲೇ ಇಟ್ಟಿದ್ದಾಳೆಂದು ಅವರು ಸುಮ್ಮನಾಗಿದ್ದರಂತೆ. ಮೊಮ್ಮಗನ ಮುಖ ನೋಡಿದ್ದೇ ಎಲ್ಲರಿಗೂ ವಿಷಯ ಅರ್ಥವಾಯಿತು.

"ಯಾರ ಮೂಳೆನೋ ಏನೋ. ಗುರುತು ಪರಿಚಯ ಇಲ್ಲದವರನ್ನ ನುಂಗಿಬಿಟ್ರಲ್ಲ" ಎಂದು ಅಜ್ಜಿ ತಲೆಯ ಮೇಲೆ ಕೈ ಹೊತ್ತು ಕೂತರು.

ಸುದ್ದಿ ಗೋಡೆ ದಾಟಲು ಎಷ್ಟು ಹೊತ್ತು ಬೇಕು. ಮೊದಲು ಟೈಲರು ಬಂದರು, ಕುತ್ತಿಗೆಯಲ್ಲಿ ಅಳತೆಪಟ್ಟಿ ನೇತಾಡಿಸಿಕೊಂಡೇ. ಅವರ ಬೆನ್ನಿಗೇ ಪಕ್ಕದ ಮನೆಯ ರಿಟೈರ್ಡ್ ಕಂಡಕ್ಟರು. ತಾತನನ್ನು ಕುಪ್ಪಳಿಸಲು ಹೇಳಿ ಎಂದು ಟೈಲರು, ಬಾಳೆಹಣ್ಣು ತಿನ್ನಿಸಿ ಅಂಗಳ ಸುತ್ತಿಸಿ ಎಂದು ಕಂಡಕ್ಟರು. ಇಬ್ಬರೂ ಸೇರಿ ಡಾಕ್ಟ್ರನ್ನು ಹಿಡಿದುಕೊಂಡು, ಮೂಳೆ ಈಗ ಎಲ್ಲಿಗೆ ಬಂದಿರಬಹುದು ಎಂದು ಕೇಳಿದರು.

"ನನಗೇನು ಗೊತ್ತು. ಹೊಟ್ಟೆ ಮುಂದಿನ ಟರ್ಮಿಗೆ" ಎಂದ ಡಾಕ್ಟ್ರು, ಅಳುವುದೊಂದು ಬಾಕಿ.

ಸೀನಿಯರ್ ಒಬ್ಬನಿಗೆ ಫೋನು ಮಾಡಿದ. ಅವನು ಮೊದಲು ಹೊಟ್ಟೆ ತುಂಬ ನಕ್ಕ. ಆಮೇಲೆ, ಅಷ್ಟು ಚಿಕ್ಕದು, ನುಣುಪಾಗಿರುವುದು ತಾನಾಗಿ ದಾರಿ ನೋಡಿಕೊಳ್ಳುತ್ತದೆ, ತಾತನಿಗೇನೂ ಆಗದು ಎಂದು ಧೈರ್ಯ ಹೇಳಿದ. ತಾತನಿಗೆ ಜೀವ ಬಂತು. ಅಪರಿಚಿತ ಅತಿಥಿಯನ್ನು ಸಂಜೆಯೊಳಗೆ ಕಳಿಸಿಕೊಡುತ್ತೇನೆಂದು ಮೊಮ್ಮಗನಿಗೆ ಮಾತು ಕೊಟ್ಟು, ಬಾಳೆಹಣ್ಣು ಕೈಯಲ್ಲಿ ಹಿಡಿದು ಅಂಗಳಕ್ಕಿಳಿದರು. ಕಂಡಕ್ಟರು "ಮುಂದೆ ಹೋಗಿ, ಮುಂದೆ ಹೋಗಿ" ಎನ್ನುತ್ತ ಅವರ ಹಿಂದೆ ಹೊರಟರು.

ತಾತ ಉಳಿದುಕೊಂಡರು, ಸರಿ. ಡಾಕ್ಟ್ರ ವರ್ಷ ಉಳಿಯಬೇಕಲ್ಲ. ಕಾಲೇಜಿನ ಗೇಟಿನ ಮುಂದೆ ರಸ್ತೆ ರಿಪೇರಿಗೆಂದು ಜಲ್ಲಿ ರಾಶಿ ಹಾಕಿದ್ದರು. ಅದನ್ನು ಕೆದಕಿ ಬಟಾಣಿ ಗಾತ್ರದ ಒಂದು ಬಿಳಿಗಲ್ಲು ಹುಡುಕಿದ, ಅಂಗಿಗೆ ಉಜ್ಜಿ ಪೆಟ್ಟಿಗೆಗೆ ಹಾಕಿದ. ಬಾಗಿಲಲ್ಲಿ ಮೂಳೆ ಎಣಿಸಿದವರ ಲೆಕ್ಕ ಸರಿಹೋಯಿತು. ಇಷ್ಟು ಮೂಳೆಗಳಲ್ಲಿ ಮೇಡಮ್ಮಿನ ಕೈ ಅದರ ಮೇಲೇ ಬೀಳುತ್ತದೆಯೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಮೇಡಮ್ಮು ಪೆಟ್ಟಿಗೆಯ ನಂಬರು ನೋಡಿ ಯಾಕೋ ಮುಗುಳ್ನಕ್ಕರು. ಅದನ್ನು ಮೇಜಿನ ಕೆಳಗಿಟ್ಟುಕೊಂಡು, ನೋಡದೆಯೇ ಕೈಯಾಡಿಸಿ ಏನೋ ತೆಗೆದು ಚೀಲಕ್ಕೆ ಹಾಕಿ ಮುಂದೆ ಚಾಚಿದರು. ಡಾಕ್ಟ್ರು ಒಳಗೆ ಕೈ ಹಾಕಿದ. ಬೆರಳಿಗೆ ತಗಲಿದ್ದು ಅದೇ ಜಲ್ಲಿ.

ಮೂಳೆ ಅಂದರೆ ಚೀಲದಿಂದ ತೆಗೆದು ತೋರಿಸಿ ಮಾನ ಕಳೆಯುತ್ತಾರೆ. ಕಲ್ಲು ಅಂದರೆ ಮೋಸ ಒಪ್ಪಿಕೊಂಡಂತೆ. ಬೆವರು ಮೂಗಿನ ತುದಿಗೆ ಬಂದು ನಿಂತಿತು. ಕೊನೆಗೆ ಆದದ್ದಾಗಲಿ ಎಂದು ಕಣ್ಣು ಮುಚ್ಚಿದ.

"ಕಲ್ಲು, ಮೇಡಂ."

ಮೇಡಮ್ಮು ಕುರ್ಚಿಯಿಂದ ಎದ್ದೇಬಿಟ್ಟರು. ಅವರ ಕಣ್ಣಲ್ಲಿ ನೀರಾಡಿತು. "ಇಷ್ಟು ವರ್ಷದಲ್ಲಿ ನೀನೊಬ್ಬನೇ ಕಣಪ್ಪ ಹೇಳಿದ್ದು. ನಾನು ಮೊದಲನೇ ವರ್ಷ ಓದುವಾಗ ಈ ಪೆಟ್ಟಿಗೆ ನನ್ನ ಹತ್ತಿರ ಇತ್ತು. ಬಟಾಣಿ ಮೂಳೆನ ನಮ್ಮನೆ ಬೆಕ್ಕು ಎತ್ಕೊಂಡು ಹೋಯ್ತು. ಹೊಳೆಯಿಂದ ಒಂದು ಬೆಣಚುಕಲ್ಲು ತಂದು, ಉಜ್ಜಿ ಉಜ್ಜಿ ಇಟ್ಟೆ. ಇಲ್ಲಿ ಪಾಠ ಹೇಳೋಕೆ ಬಂದ್ಮೇಲೆ ಈ ಪೆಟ್ಟಿಗೆ ತಂದವರಿಗೆಲ್ಲ ಅದನ್ನೇ ಕೊಡ್ತೀನಿ. ಎಲ್ಲರೂ ಕಣ್ಣುಮುಚ್ಚಿ ಮೂಳೆ ಅಂತಾರೆ."

ಡಾಕ್ಟ್ರಿಗೆ ನೆಲದಿಂದ ಒಂದು ಗೇಣು ಮೇಲೆದ್ದ ಹಾಗಾಯಿತು. ತಾತ ನುಂಗಿದ್ದು ಯಾರ ಮೂಳೆಯೂ ಅಲ್ಲ. ಅಜ್ಜಿಗೆ ಹೇಳಿದರೆ ಎಷ್ಟು ಖುಷಿಪಡುತ್ತಾರೋ. ಆ ಕಲ್ಲನ್ನೇ ತಾನು ತಿಂಗಳುಗಟ್ಟಲೆ ಮೂಳೆಯೆಂದು ಉರುಹೊಡೆದದ್ದು ಸದ್ಯಕ್ಕೆ ಅವನಿಗೆ ನೆನಪಾಗಲಿಲ್ಲ. ಮೇಡಮ್ಮು ತಮ್ಮ ಕಲ್ಲನ್ನು ಪ್ರೀತಿಯಿಂದ ಅಂಗೈಗೆ ಸುರಿದುಕೊಂಡರು.

ಅಂಗೈಯಲ್ಲಿ ಮೊನೆಮೊನೆಯಾದ ಜಲ್ಲಿ, ಒಂದು ಬದಿಗೆ ಡಾಂಬರು.

ಅವರು ಅದನ್ನೊಮ್ಮೆ ಅವನನ್ನೊಮ್ಮೆ ನೋಡಿದರು. "ಇದು ನನ್ನದಲ್ಲ" ಎಂದರು ಮೆಲ್ಲಗೆ. "ನನ್ನ ಕಲ್ಲು ನಾಳೆ ಈ ಮೇಜಿನ ಮೇಲಿರಬೇಕು. ಇದ್ದರೆ ಪಾಸು. ಇಲ್ಲದಿದ್ದರೆ ಹೊಸಬರ ಜೊತೆ ಕೂತ್ಕೋ."

ಡಾಕ್ಟ್ರು ಕಾರಿಡಾರಿಗೆ ಓಡಿ ಮನೆಗೆ ಫೋನು ಹಚ್ಚಿದ. ತಾತನೇ ಎತ್ತಿದರು. ಮೊಮ್ಮಗನಿಗೆ ಬಾಯಿ ತೆರೆಯಲೂ ಬಿಡಲಿಲ್ಲ.

"ಮಾತು ಉಳಿಸ್ಕೊಂಡೆ ಕಣೋ. ಈಗ ತಾನೇ ಹೋಯ್ತು. ಮತ್ತೆ ಮೇಲೆ ಬರಬಾರದು ಅಂತ ಮೂರು ಬಕೆಟ್ ನೀರು ಸುರಿದಿದೀನಿ."

ಅವರ ಹಿಂದಿನಿಂದ ಬೀದಿಯವರ ಚಪ್ಪಾಳೆ ಕೇಳಿಸಿತು.