ಬಂದೂಕದವರ ಬಂದೂಕು ರಿಪೇರಿ

ನನ್ನ ಹೆಸರು ದುಂಡೇಶ, ಅಡ್ಡಹೆಸರು ಬಂದೂಕದ. ನಮ್ಮ ಕಡೆ ಮಂದಿಗೆ ಮೆಣಸಿನಕಾಯಿ, ಹುಣಸಿಕಾಯಿ ಅಂತೆಲ್ಲಾ ಅಡ್ಡಹೆಸರು ಇರ್ತಾವ. ಅವರಿಗೆ ಯಾರೂ ‘ಎಷ್ಟು ಖಾರ ಅದೀರಿ, ತೋರಸ್ರಿ’ ಅನ್ನೂದಿಲ್ಲ. ನನಗ ಮಾತ್ರ ಬಾದಾಮ್ಯಾಗ ಹೊಸಬರು ಸಿಕ್ಕಾಗೊಮ್ಮೆ ಅದ ಪ್ರಶ್ನೆ: ‘ಮನ್ಯಾಗ ಬಂದೂಕು ಐತೇನ್ರಿ?’

ಐತಿ. ನಮ್ಮಜ್ಜಂದು. ಜೋಡು ನಳಗಿ, ಬೆಳಿ ಕಾಯಾಕಂತ ಲೈಸೆನ್ಸ್ ಮಾಡಿಸಿದ್ದು. ಅಜ್ಜನಿಂದ ಅಪ್ಪಗ ಬಂತು, ಅಪ್ಪನಿಂದ ನನಗ. ಅದನ್ನ ಹಿಡಕೊಂಡು ಅಜ್ಜ ನಮ್ಮ ಹೊಲದಾಗ ಚಿರತಿ ಓಡಿಸಿದ್ದನಂತ. ಅಂಥಾ ವೀರವಂಶದ ಕುಡಿ ನಾನು, ಗ್ರಂಥಾಲಯದಾಗ ಗುಮಾಸ್ತ. ಹದಿನೆಂಟು ವರ್ಷದಿಂದ ‘ಶ್ಶ್! ಸಪ್ಪಳ ಮಾಡಬ್ಯಾಡ್ರಿ’ ಅನ್ನೂದ ನನ್ನ ವೃತ್ತಿ. (ಮನ್ಯಾಗ ಅದ ವೃತ್ತಿ ನನ್ನ ಹೆಂಡತೀದು, ಸುಮ್ಮನಾಗಬೇಕಾದಾಂವ ನಾನು.)

ಹೆಂಡತಿ ಗೀತಾಂಜಲಿ ಗುಳೇದಗುಡ್ಡದಾಕಿ. ಖಣದ ಕುಪ್ಪಸ ಹೊಲಿಯೂದ್ರಾಗ ಎತ್ತಿದ ಕೈ. ತವರಮನಿ ಅಡ್ಡಹೆಸರು ಉಳ್ಳಾಗಡ್ಡಿ. ಲಗ್ನ ಆದಾಗಿಂದ ನನ್ನ ಕಣ್ಣಾಗಿನ ನೀರು ಆರಿಲ್ಲ.

ಈ ಸಲ ಲೈಸೆನ್ಸ್ ಮುಂದುವರಿಸೂಕಿಂತ ಮೊದಲು ಬಂದೂಕು ತಂದು ತೋರಸ್ರಿ ಅಂತ ಪೊಲೀಸ್ ಠಾಣೆಯಿಂದ ಕರೆ ಬಂತು. ಅಟ್ಟದ ಮ್ಯಾಲಿನ ಪೆಟಗ್ಯಾಗಿಂದ ಇಳಿಸಿ, ಧೂಳು ಒರಸಿ, ಎದಿ ಸೆಟೆಸಿಕೊಂಡು ಒಯ್ದೆ. ಹೆಡ್ ಕಾನ್‌ಸ್ಟೇಬಲ್ ಅಮಸಿದ್ದಪ್ಪ ಅದನ್ನ ತಲಿಕೆಳಗ ಮಾಡಿ ಮೇಜಿಗೆ ಒಮ್ಮೆ ಕುಟ್ಟಿದರು. ನಳಿಗ್ಯಾಗಿಂದ ಕಣಜದ ಹುಳ ಕಟ್ಟಿದ ಮಣ್ಣಿನ ಗೂಡು ಬಿತ್ತು. ಇನ್ನೊಮ್ಮೆ ಕುಟ್ಟಿದರು. ಒಂದು ಹಲ್ಲಿ ಇಳಿದು, ನಮ್ಮಿಬ್ಬರನ್ನೂ ನೋಡಿ, ನಿಧಾನಕ್ಕ ಗ್ವಾಡಿ ಏರಿತು.

“ಬಂದೂಕದ ಅವರ, ಇದು ಬಂದೂಕಲ್ರೀ, ವಠಾರ. ಒಂದು ತಿಂಗಳದಾಗ ರಿಪೇರಿ ಮಾಡಿಸ್ಕೊಂಡು ಬರ್ರಿ. ಇಲ್ಲಾಂದ್ರ ಸರಕಾರಕ್ಕ ಒಪ್ಪಿಸಿಬಿಡ್ರಿ,” ಅಂದರು.

ಮನಿಗೆ ಬಂದು ಹೇಳಿದಾಗ ಗೀತಾಂಜಲಿ ಮುಖ ಅರಳಿತು. “ಒಪ್ಪಿಸಿಬಿಡ್ರಿ! ಪೆಟಗಿ ಖಾಲಿ ಆಗ್ತೈತಿ, ನನ್ನ ಖಣ ಇಡಾಕ ಜಾಗಾ ಆಗ್ತೈತಿ.”

“ಏನಂದಿ? ವಂಶದ ಕೀರ್ತಿಪತಾಕೆ ಇಳಿಸಿ ಅಲ್ಲಿ ಕುಪ್ಪಸದ ಅರಿವಿ ಇಡಬೇಕ?”

“ಕೀರ್ತಿ ಇರ್ಲಿ. ನಿನ್ನೆ ಜಿರಳಿ ಬಂದಾಗ ಮೇಜಿನ ಮ್ಯಾಲೆ ಏರಿ ನಿಂತವರು ಯಾರು?”

“ಅದು ಹಾರೋ ಜಿರಳಿ ಇತ್ತು!”

ಒಳಗ ಹತ್ತಿ ಬಿಡಿಸ್ಕೋತ ಕುಂತಿದ್ದ ನಮ್ಮವ್ವ ಚಂದವ್ವ, ಎಪ್ಪತ್ತೆಂಟು ವರ್ಷದಾಕಿ, ಒಂದ ಮಾತು ಹೇಳಿದಳು: “ತಮ್ಮಾ, ಆ ಬಂದೂಕ ಮಾತ್ರ ಕೊಡಬ್ಯಾಡೋ.” ಆ ದನಿ ಕೇಳಿ ನನ್ನ ರಕ್ತ ಕುದಿಯಿತು. ಅವತ್ತ ಶಪಥ ಮಾಡಿದೆ: ಈ ದುಂಡೇಶ ಅಜ್ಜನ ಬಂದೂಕಿಗೆ ಮರುಜೀವ ಕೊಟ್ಟ ತೀರ್ತಾನ!

ಮರುಜೀವದ ಮೊದಲನೇ ಪ್ರಯತ್ನ ಮನ್ಯಾಗ ನಡೀತು. ಹುಣಸಿಹಣ್ಣು ಹಚ್ಚಿ ತಿಕ್ಕಿದೆ. ತುಕ್ಕು ಹೋಗಲಿಲ್ಲ, ನನ್ನ ಬೆರಳಿನ ಚರ್ಮ ಹೋತು. ಆಮ್ಯಾಲೆ ಗೀತಾಂಜಲಿಯ ಹೊಲಿಗಿ ಮಷಿನ್ ಎಣ್ಣಿ ಪೂರ್ತಿ ನಳಿಗ್ಯಾಗ ಸುರಿದು, ಒಣಗಲಿ ಅಂತ ಗ್ವಾಡಿಗೆ ಆನಿಸಿ ಇಟ್ಟೆ. ಮುಂಜಾನೆ ನೋಡಿದ್ರ ಎಣ್ಣಿ ಇಳಿದಿಳಿದು, ಕೆಳಗಿದ್ದ ಗಿರಾಕಿಯ ಆರು ಕುಪ್ಪಸದ ಖಣಕ್ಕ ಅಭಿಷೇಕ ಆಗಿತ್ತು. ಆ ಮುಂಜಾನೆ ನಮ್ಮ ಮನ್ಯಾಗ ಸಿಡಿದದ್ದು ಬಂದೂಕಲ್ಲ.

“ಇನ್ನ ಮನ್ಯಾಗ ಅದನ್ನ ಮುಟ್ಟಿದ್ರ ನೋಡ್ರಿ!” ಅಂದಳು. “ಗೊತ್ತಿದ್ದವರ ಕಡೆ ಒಯ್ರಿ!”

“ಗೊತ್ತಿದ್ದಾಂವ ಅಂದ್ರ ಇಳಕಲ್ಲಿನ ಇಮಾಮಹುಸೇನ ಚಾಚಾ ಒಬ್ಬಾಂವ. ಬಂದೂಕು ರಿಪೇರಿ ಲೈಸೆನ್ಸ್ ಐತಿ. ಆದ್ರ ಅಷ್ಟು ದೂರ...”

“ಇಳಕಲ್ಲ?” ಒಮ್ಮೆಲೆ ದನಿ ಜೇನಾತು. “ಅಯ್ಯ, ಹಿರ್ಯಾರ ಬಂದೂಕು, ಒಬ್ರ ಹ್ಯಾಂಗ ಒಯ್ತೀರಿ? ನಾನೂ ಬರ್ತೇನಿ.” (ಇಳಕಲ್ಲಾಗ ಸೀರಿ ಸಿಗ್ತಾವ ಅನ್ನೂದು ಆಕಿಗೆ ಗೊತ್ತ ಇರಲಿಲ್ಲ ಅಂತ ನೀವು ನಂಬಬೇಕು.)

ಬಾಡಿಗಿ ಕಾರು ಮಾಡಿದೆವು. ಹುನಗುಂದ ದಾಟೂತನಕ ಆಕಿ ಸೀರಿ ಸೆರಗಿನ ಬಣ್ಣದ ಚಿಂತ್ಯಾಗ, ನಾನು ವಂಶದ ಚಿಂತ್ಯಾಗ. ಚಾಚಾ ಬಂದೂಕು ಬಿಚ್ಚಿ, ಕನ್ನಡಕ ಹಣಿಗೇರಿಸಿ, ದವಾಖಾನಿ ಡಾಕ್ಟರ್ ಹಂಗ ನಿಟ್ಟುಸಿರು ಬಿಟ್ಟರು.

“ಸ್ಪ್ರಿಂಗ್ ಎರಡೂ ಮುರದಾವ. ಹಿಂದಿನ ಕಟಗಿ ಸೀಳೈತಿ. ಕುದುರಿ ಏಳವಲ್ಲವು.”

“ನಮ್ಮ ಮನ್ಯಾಗ ಕುದುರಿ ಇಲ್ರಿ ಚಾಚಾ, ಒಂದು ಎಮ್ಮಿ ಐತಿ.”

“ಬಂದೂಕಿನ ಕುದುರಿ, ಸಾಹೇಬ್ರ. ಕಾಡತೂಸಿಗೆ ಬಡಿಯೂದಕ್ಕ ಕುದುರಿ ಅಂತಾರ.” ಚಾಚಾ ಗೀತಾಂಜಲಿ ಕಡೆ ನೋಡಿದರು. ಆಕಿ ನೆಲ ನೋಡಿದಳು, ಆದ್ರ ಭುಜ ಅಲುಗಾಡೂದು ನನಗ ಕಾಣಸ್ತಿತ್ತು.

ಹದಿನೈದು ದಿನಕ್ಕ ಚಾಚಾ ಫೋನ್ ಮಾಡಿದರು: ಬಂದೂಕು ತಯಾರ್, ಪರೀಕ್ಷೆಗೆ ಬರ್ರಿ. ಈ ಸಲ ಅವ್ವನೂ ಹಟ ಹಿಡಿದು ಕಾರು ಹತ್ತಿದಳು. ಬಂದೂಕು ನೋಡಿ ನನ್ನ ಬಾಯಿ ತೆರೆದದ್ದು ಮುಚ್ಚಲಿಲ್ಲ. ನಳಗಿ ನೀಲಿ ಮಿಂಚು, ಕಟಗಿ ಬೆಲ್ಲದ ಬಣ್ಣ, ಕುದುರಿ ಎರಡೂ ಕಿವಿ ನಿಗುರಿಸಿಕೊಂಡು ನಿಂತಿದ್ದವು.

ಊರ ಹೊರಗ ಕೆಲಸ ನಿಂತುಹೋದ ಒಂದು ಕಲ್ಲಿನ ಕ್ವಾರಿಯ ತೆಗ್ಗಿನಾಗ, ಬಂಡಿಗಲ್ಲಿನ ಮುಂದ ಚಾಚಾ ಒಂದು ತಗಡಿನ ಡಬ್ಬಿ ಇಟ್ಟರು. ಮೊದಲನೇ ಗುಂಡು ತಾವ ಹಾರಿಸಿ, ಎಲ್ಲಾ ಬರೋಬ್ಬರಿ ಐತಿ ಅಂದು ನನ್ನ ಕೈಗೆ ಕೊಟ್ಟರು.

ನಾನು ಎಡಗಾಲು ಮುಂದಿಟ್ಟೆ. ಅಜ್ಜನ್ನ ನೆನೆಸಿದೆ. ಒಂದು ಕಣ್ಣು ಮುಚ್ಚಬೇಕು ಅಂದಿದ್ದರು. ಖಾತ್ರಿ ಇರಲಿ ಅಂತ ಎರಡೂ ಮುಚ್ಚಿದೆ. ಒತ್ತಿದೆ.

ಢಂ!

ಕಣ್ಣು ತೆರೆದಾಗ ಆಕಾಶ ಕಂಡಿತು. ನಾನು ಬೆನ್ನ ಮ್ಯಾಲೆ ಬಿದ್ದಿದ್ದೆ. ಬಂದೂಕು ಚಾಚಾನ ಕೈಯಾಗ ಕ್ಷೇಮವಾಗಿತ್ತು. ಡಬ್ಬಿ ಇಟ್ಟಲ್ಲೇ ಇತ್ತು. ಗುಂಡು ಎಲ್ಲಿ ಹೋತೋ ದೇವರಿಗೇ ಗೊತ್ತು. ಗೀತಾಂಜಲಿ ಓಡಿಬಂದು ಗಾಬರಿಯಿಂದ ನನ್ನ ತಲಿ ಎತ್ತಿ ತೊಡಿ ಮ್ಯಾಲೆ ಇಟ್ಕೊಂಡಳು. (ಇಂಥ ಆರೈಕೆಗೆ ಇನ್ನೊಂದು ಗುಂಡು ಹಾರಿಸಬಹುದು ಅನ್ನಿಸಿತು.) ಕಿವ್ಯಾಗ ಗುಂಯ್ ಅಂತಿತ್ತು. ಸಣ್ಣ ದನಿಯೊಳಗ ಕೇಳಿದೆ:

“ಚಾಚಾ, ಇದರ ಸಪ್ಪಳ ಒಂದೀಟು ಕಡಿಮಿ ಮಾಡಾಕ ಬರ್ತೈತೇನ್ರಿ?”

ಚಾಚಾ ಹೊಟ್ಟಿ ಹಿಡಕೊಂಡು ಕಲ್ಲಿನ ಮ್ಯಾಲೆ ಕುಂತರು. “ಯಾ ಅಲ್ಲಾ! ನಿಮ್ಮಜ್ಜಾರೂ ಇದನ್ನ ರಿಪೇರಿಗೆ ತಂದಾಗ ನಮ್ಮ ಅಬ್ಬಾಗ ಇದ ಮಾತು ಕೇಳಿದ್ರಂತ! ಸಾಯೂತನಕ ನಮ್ಮ ಅಬ್ಬಾ ಹೇಳಿ ಹೇಳಿ ನಗ್ತಿದ್ರು!”

“ಸುಳ್ಳು! ನಮ್ಮಜ್ಜ ಚಿರತಿ ಓಡಿಸಿದಾಂವ!” ಅಂತ ನಾ ಎದ್ದು ಕುಂತೆ. “ಯವ್ವಾ, ನೀನರ ಹೇಳ!”

ಅವ್ವ ಸೆರಗು ಸೊಂಟಕ್ಕ ಸಿಗಿಸ್ಕೊಂಡು ಮುಂದ ಬಂದಳು. “ಚಿರತಿ ಬಂದಿದ್ದು ಖರೆ ತಮ್ಮಾ. ನಿಮ್ಮಜ್ಜ ಬೇವಿನ ಗಿಡ ಏರಿದ್ದೂ ಖರೆ. ಬಂದೂಕು ಕೆಳಗ ಬಿದ್ದಿತ್ತು. ನಾ ಹೊಸಾ ಸೊಸಿ, ಬುತ್ತಿ ತಗೊಂಡು ಹೋಗಿದ್ದೆ. ಎತ್ತಿ ಮ್ಯಾಲಕ್ಕ ಹಾರಿಸಿದೆ. ಚಿರತಿ ಓಡಿತು, ಮಾವ ಇಳದ್ರು. ‘ಚಂದವ್ವಾ, ಯಾರ ಮುಂದೂ ಹೇಳಬ್ಯಾಡವಾ’ ಅಂದ್ರು. ಅವರು ಇರೂತನಕ ಹೇಳಲಿಲ್ಲ. ಆಮ್ಯಾಲೆ ಯಾರೂ ಕೇಳಲಿಲ್ಲ.”

ಚಾಚಾ ಎದ್ದು ನಿಂತು, ಹೊಸಾ ಕಾಡತೂಸು ಹಾಕಿ, ಎರಡೂ ಕೈಲೆ ಬಂದೂಕು ಅವ್ವಗ ಕೊಟ್ಟು, ಮಗ್ಗಲಕ್ಕ ನಿಂತರು. ಅವ್ವ ಹೆಗಲಿಗೆ ಆನಿಸಿದಳು. ಬೆನ್ನು ಬಾಗಿದ್ದು ನೆಟ್ಟಗಾತು. ಢಂ! ಡಬ್ಬಿ ಗಾಳ್ಯಾಗ ಹಾರಿ, ಗಿರಗಿರ ತಿರುಗಿ, ಕ್ವಾರಿ ತುಂಬ ಖಣಖಣ ಅಂದು ಬಿತ್ತು.

“ಅತ್ತೀ!” ಅಂತ ಗೀತಾಂಜಲಿ ಎದ್ದು ಓಡಿದಳು. ನನ್ನ ತಲಿ ತೊಡಿ ಮ್ಯಾಲಿಂದ ಕಲ್ಲಿಗೆ ಬಿತ್ತು. (ಎದ್ದು ಕುಂತಾಂವ ಮತ್ತ ಯಾವಾಗ ಮಲಗಿದ್ದೆನೋ, ಕೇಳಬ್ಯಾಡ್ರಿ.) ಅತ್ತಿ-ಸೊಸಿ ಅಪ್ಪಿಕೊಂಡು ಕುಣಿಯೂದೇನು, ಚಾಚಾ ಚಪ್ಪಾಳಿ ಹೊಡೆಯೂದೇನು! ಬರೂವಾಗ ಅವ್ವನ ಗೌರವಾರ್ಥ ಎರಡು ಸೀರಿ ಖರೀದಿ ಆದವು. ಒಂದು ಅವ್ವಗ. ಇನ್ನೊಂದು ಯಾರಿಗೆ ಅಂತ ಕೇಳೂ ಧೈರ್ಯ ಬಂದೂಕದವರಿಗೆ ಇರಲಿಲ್ಲ.

ಮರುದಿನ ಮೂವರೂ ಠಾಣೆಗೆ ಹೋದೆವು. ಅಮಸಿದ್ದಪ್ಪ ನಳಗಿ ಬೆಳಕಿಗೆ ಹಿಡಿದು ನೋಡಿ ಖುಷಿಯಾದರು. ಕಾಡತೂಸು ಇಲ್ಲಾ ಅಂತ ಖಾತ್ರಿ ಮಾಡಿಕೊಂಡು, “ಖಾಲಿ ಬಂದೂಕ, ಒಮ್ಮೆ ಒತ್ತಿ ತೋರಸ್ರಿ ಬಂದೂಕದ ಅವರ,” ಅಂದರು.

ಒತ್ತಿದೆ. ‘ಟಕ್’ ಅಂತು, ಅಷ್ಟ. ಕಣ್ಣು ತೆರೆದು ನೋಡಿದ್ರ ನಾನು ಎರಡು ಹೆಜ್ಜಿ ಹಿಂದ ಸರಿದು, ಅವ್ವನ ಸೆರಗು ಗಟ್ಟಿಯಾಗಿ ಹಿಡಕೊಂಡಿದ್ದೆ.

ಅಮಸಿದ್ದಪ್ಪ ಗಂಭೀರವಾಗಿ ಪೆನ್ನು ತಗೊಂಡು, ದೊಡ್ಡ ದನಿಲೆ ಓದ್ಕೋತ ಬರೆದರು: “ಬಂದೂಕು ಸುಸ್ಥಿತಿಯಲ್ಲಿದೆ.” ಆಮ್ಯಾಲೆ ನನ್ನ ಮಾರಿ ನೋಡಿ, ಪೆನ್ನಿನ ಟೊಪ್ಪಗಿ ಹಾಕಿ, ಬರೀ ಬಾಯಿಲೆ ಹೇಳಿದರು: “ಲೈಸೆನ್ಸ್‌ದಾರರಿಗೆ ದುರಸ್ತಿ ಬೇಕಾಗೈತಿ.”

“ಅದಕ್ಕ ಇಳಕಲ್ಲಿಗೆ ಹೋಗೂದು ಬ್ಯಾಡ್ರಿ ಸಾಹೇಬ್ರ,” ಅಂದಳು ಗೀತಾಂಜಲಿ, ತೋಳು ಏರಿಸ್ಕೋತ. “ಅವರ ರಿಪೇರಿ ನಾ ಮನ್ಯಾಗ ಮಾಡ್ಕೋತೇನಿ.”